ಅಜ್ಜನ ಕೋವಿ ರಿಪೇರಿಗೆ ಕೊಟ್ಟು ಮೂರ್ಖನಾದೆ, ನೀವು ಆಗಬೇಡಿ

ಶಿರಸಿ ಕಡೆ ಬೆಳೆ ರಕ್ಷಣೆಗೆ ಲೈಸೆನ್ಸ್ ಕೋವಿ ಇಟ್ಟುಕೊಂಡವರು ದಯವಿಟ್ಟು ಓದಿ. ಬರೆಯಲಿಕ್ಕೆ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ.

ಮೊದಲ ತಪ್ಪು ನನ್ನದೇ. 2024ರ ಲೋಕಸಭಾ ಚುನಾವಣೆಗೆ ಎಲ್ಲರ ಹಾಗೆ ನಾನೂ ಕೇಪಿನ ಕೋವಿಯನ್ನು (ನಳಿಗೆಯ ಬಾಯಿಂದ ಕರಿಮದ್ದು ತುಂಬುವ ಹಳೇ ಕೋವಿ) ಠಾಣೆಗೆ ಒಪ್ಪಿಸಿದೆ. ಹಿಂದಿನ ದಿನ ತೋಟದ ಮಂಗ ಓಡಿಸಲು ಎರಡು ಈಡು ಹೊಡೆದಿದ್ದೆ. ನಳಿಗೆ ತೊಳೆದಿರಲಿಲ್ಲ. ಕರಿಮದ್ದಿನ ಕಿಟ್ಟ ಗಾಳಿಯ ತೇವ ಎಳೆಯುತ್ತದೆ ಅಂತ ಗೊತ್ತಿದ್ದೂ ಸೋಮಾರಿತನ. ಜೂನ್‌ನಲ್ಲಿ ವಾಪಸ್ ತಂದಾಗ ಒಳಗೆಲ್ಲ ತುಕ್ಕು. ಗಜಕ್ಕೆ, ಅಂದರೆ ನಳಿಗೆಯೊಳಗೆ ಹಾಕುವ ಉದ್ದ ಸರಳಿಗೆ, ಬಟ್ಟೆ ಸುತ್ತಿ ಹಾಕಿದರೆ ಕರಕರ ಹಿಡಿದು ಹರಿದೇ ಬರುತ್ತಿತ್ತು.

ಜಿಲ್ಲೆಯ ಹೊರಗಿನ ಒಂದು ಅಂಗಡಿಗೆ ಕೊಟ್ಟೆ. ಲೈಸೆನ್ಸ್ ಇದ್ದ ಅಂಗಡಿಯೇ. "ನಳಿಗಿ ಒಳಗ ಸೀಸ ಎರಕ ಹೊಯ್ದು, ಆ ಸೀಸಕ್ಕ ನುಣುಪು ಪೇಸ್ಟ್ ಹಚ್ಚಿ ಕೈಲೇ ತಿಕ್ಕತೇವ್ರಿ, ಕನ್ನಡಿ ಆಗ್ತದ" ಅಂದರು. ಮಾತಾಡಿದ್ದು 4,500 ರೂಪಾಯಿ. ತರಲು ಹೋದರೆ 7,000. "ಕೆಲಸ ಭಾಳ ಆತ್ರಿ." ಟಾರ್ಚ್ ಬಿಟ್ಟು ತೋರಿಸಿದರು, ಒಳಗೆ ಫಳಫಳ. ಖುಷಿಯಲ್ಲಿ ಕೊಟ್ಟುಬಂದೆ. ರಸೀದಿ ಕೇಳಲೇ ಇಲ್ಲ.

ಮನೆಗೆ ಬಂದು ಸಾಬೂನು ಹಾಕಿದ ಬಿಸಿನೀರು ಹೊಯ್ದೆ. ಆ ಫಳಫಳ ಅಷ್ಟೂ ಗ್ರೀಸು! ಬರೀ ಗ್ರೀಸು! ತುಕ್ಕು ತಿಂದ ಗುಂಡಿಗಳು ಇದ್ದಲ್ಲೇ ಇದ್ದವು. ಜೊತೆಗೆ ಹೊಸದಾಗಿ ಸುತ್ತಲೂ ಗೀರು. ಸೀಸವೂ ಇಲ್ಲ, ಕೈಯೂ ಇಲ್ಲ, ಡ್ರಿಲ್ಲಿಗೆ ಉಪ್ಪುಕಾಗದ ಸಿಕ್ಕಿಸಿ ತಿರುಗಿಸಿದ್ದು. ಬಟ್ಟೆ ಸುತ್ತಿದ ಗಜ ಬಾಯಲ್ಲಿ ಬಿಗಿ, ನಡುವೆ ಸಡಿಲ, ತಳದಲ್ಲಿ ಮತ್ತೆ ಬಿಗಿ. ನಡುವಿನ ಕಬ್ಬಿಣ ಎಷ್ಟು ಸವೆದಿದೆಯೋ, ಇನ್ನು ಅದಕ್ಕೆ ಮದ್ದು ತುಂಬಲು ಧೈರ್ಯ ಯಾರಿಗಿದೆ? ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ ಕೇಳಿದರು, "ಈ ಬಿಸಿನೀರನ್ನ ಆವತ್ತೇ ಹೊಯ್ಯಲಿಕ್ಕೆ ಏನಾಗಿತ್ತೋ?"

ಫೋನ್ ಮಾಡಿದೆ. "ಹಳೇ ಮಾಲ್ರೀ, ಇಷ್ಟ ಆಗೂದು." ಮತ್ತೆ ಮಾಡಿದೆ. "ನೀರು ಯಾಕ್ ಹಾಕಿದ್ರಿ? ನೀರು ಹಾಕಿದ್ದಕ್ಕ ಕೆಟ್ಟದ." ಕರಿಮದ್ದಿನ ಕೋವಿಯನ್ನು ನೀರಲ್ಲದೆ ಮತ್ತೆ ಯಾವುದರಲ್ಲಿ ತೊಳೆಯುತ್ತಾರೆ ಮಾರಾಯ್ರೇ! ಅಜ್ಜ ಜೀವನವಿಡೀ ನೀರಲ್ಲೇ ತೊಳೆದು, ಒಲೆ ಬದಿ ಒಣಗಿಸಿ, ಎಣ್ಣೆ ಹಚ್ಚಿ ಇಡುತ್ತಿದ್ದರು. ಮೂರನೇ ಸಲ, "ಹೊಸ ನಳಿಗಿ ಹಾಕಿಸ್ರಿ, ನಾವ ಹಾಕ್ಕೊಡ್ತೇವಿ." ನಳಿಗೆ ಮೇಲಿನ ನಂಬರೇ ನನ್ನ ಲೈಸೆನ್ಸ್ ಪುಸ್ತಕದಲ್ಲಿರುವುದು, ಅದನ್ನೇ ಬದಲಿಸಬೇಕಂತೆ! ನಾಲ್ಕನೇ ಸಲ ಫೋನ್ ಎತ್ತಲಿಲ್ಲ.

ಕೊಡಲೇಬೇಕಾದರೆ ಏನು ಮಾಡುತ್ತಾರೆ ಅಂತ ಬರೆಸಿಕೊಳ್ಳಿ. ಕೊಡುವ ಮೊದಲು ಒಳಗಿನ ಫೋಟೋ ತೆಗೆಯಿರಿ. ವಾಪಸ್ ತೆಗೆದುಕೊಳ್ಳುವಾಗ ಗ್ರೀಸು ಅಲ್ಲೇ ಒರೆಸಿ ನೋಡಿ, ಆಮೇಲೆ ದುಡ್ಡು. ಆಳವಾದ ತುಕ್ಕಿನ ಗುಂಡಿ ಹೋಗಬೇಕಾದರೆ ಸುತ್ತಲಿನ ಕಬ್ಬಿಣವೂ ಹೋಗಬೇಕು. ಹಾಗಾಗಿ ಕನ್ನಡಿ ಮಾಡಿಕೊಡುತ್ತೇವೆ ಅಂದವರ ಹತ್ತಿರ ಕೊಡಲೇಬೇಡಿ.

ಕೋವಿ ಸುಮ್ನೆ ಮೂಲೆಯಲ್ಲಿದೆ. ಮಂಗ ಬಂದರೆ ಈಗ ಗರ್ನಾಲು ಪಟಾಕಿ ಹಚ್ಚುತ್ತಿದ್ದೇನೆ.