ಆರು ವಾರದ ಆನ್‌ಲೈನ್ ಕೋರ್ಸ್: ಹಿಮಕರಡಿ ಜಾಸ್ತಿ, ಕಾಲುವೆ ಇಲ್ಲ

ಕೈಯಿಂದ ದುಡ್ಡು ಕೊಟ್ಟು ಮಾಡಿದ ಕೋರ್ಸ್, ಅದಕ್ಕೇ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಪರಿಸರ, ಸುಸ್ಥಿರತೆ ಬಗ್ಗೆ ಡಿಜಿಟಲ್ ಪಾಠ ತಯಾರಿಸುವುದು ಹೇಗೆ ಅಂತ ಶಿಕ್ಷಕರಿಗೆ ಕಲಿಸುತ್ತಾರೆ. ಸಂಸ್ಥೆಯ ಹೆಸರು ಬೇಡ. ನಾನು ಸಿಂಧನೂರು ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು.

ಮೊದಲ ಎರಡು ವಾರ ದಂಡ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಒಂದೊಂದಾಗಿ ಓದಿ ಹೇಳಿದರು. ನಮಗೆ ಬೇಕಿದ್ದದ್ದು ಶಿಕ್ಷಣದ ಬಗೆಗಿನ 4ನೇ ಗುರಿಯೊಳಗಿನ 4.7 ಅನ್ನುವ ಉಪಗುರಿ. 2030ರೊಳಗೆ ಕಲಿಯುವ ಎಲ್ಲರಿಗೂ ಸುಸ್ಥಿರ ಅಭಿವೃದ್ಧಿಗೆ ಬೇಕಾದ ತಿಳಿವಳಿಕೆ, ಕೌಶಲ ಸಿಗಬೇಕು ಅನ್ನುವುದು ಅದೇ. ಅದಕ್ಕೆ ಒಂದೇ ಸ್ಲೈಡ್! ಉದಾಹರಣೆಗಳೆಲ್ಲ ಹಿಮಕರಡಿ. ರಾಯಚೂರು ಬಿಸಿಲಲ್ಲಿ ನೋಡೋಕೆ ತಂಪೇನೋ ಹೌದು. ವಿಡಿಯೋ ಒಂದೊಂದೂ ಮುಕ್ಕಾಲು ಗಂಟೆ, ಡೌನ್‌ಲೋಡ್ ಇಲ್ಲ, ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಮೂರನೇ ವಾರಕ್ಕೆ ಕೋರ್ಸ್ ದಾರಿಗೆ ಬಂತು. ಪಾಠ ಮುಗಿದ ಮೇಲೆ ಮಕ್ಕಳು ಏನು ಮಾಡಿ ತೋರಿಸಬೇಕು ಅಂತ ಮೊದಲು ಬರೆಯಿರಿ, ಅದನ್ನು ಅಳೆಯುವ ಪ್ರಶ್ನೆ ಬರೆಯಿರಿ, ವಿಡಿಯೋ ಆಮೇಲೆ ಅಂದರು. ಇಷ್ಟು ವರ್ಷ ನಾನು ಉಲ್ಟಾ ಮಾಡುತ್ತಿದ್ದೆ. ಎಚ್‌5ಪಿ ಅನ್ನುವ ಉಚಿತ ಸಾಧನವನ್ನೂ ಕಲಿಸಿದರು. ಅದರಲ್ಲಿ ಕವಲೊಡೆಯುವ ಕಥೆ ಮಾಡಬಹುದು, ಮಗು ಆರಿಸಿದ ದಾರಿಯ ಫಲ ಮುಂದಿನ ಪರದೆಯಲ್ಲಿ ಕಾಣುತ್ತದೆ.

ನಾನು ತುಂಗಭದ್ರಾ ಎಡದಂಡೆ ಕಾಲುವೆ ಹಿಡಿದೆ. ಕಾಲುವೆ ತೋಡುವಾಗ ಲೆಕ್ಕ ಹಾಕಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ, ಈಗ ಮೇಲ್ಭಾಗದಲ್ಲಿ ಎಲ್ಲಿ ನೋಡಿದರೂ ನೆಲ್ಲು, ಅಂದರೆ ಭತ್ತ. ನನ್ನ ಪಾಠದಲ್ಲಿ ಮಗುವೇ ಮೇಲ್ಭಾಗದ ರೈತ. ಎರಡು ಬೆಳೆ ನೆಲ್ಲು ಹಚ್ಚಿದರೆ ಕೊನೆ ಭಾಗದವರ ಕಾಲುವೆ ಒಣಗುತ್ತದೆ. ಇನ್ನೂ ನಾಲ್ಕು ಪರದೆ ದಾಟಿದರೆ, ಕರಿ ಮಣ್ಣಿನಲ್ಲಿ ನೀರು ನಿಂತೂ ನಿಂತೂ ಉಪ್ಪು ಮೇಲೆ ಬಂದು ತನ್ನ ಹೊಲವೇ ಸವಳು. ಒಬ್ಬ ಹುಡುಗ ಎದ್ದು, "ಸರ್, ನಮ್ಮಪ್ಪ ನೆಲ್ಲೇ ಹಚ್ಚೋದು, ಹತ್ತಿಗೆ ರೇಟು ಯಾರು ಕೊಡ್ತಾರ?" ಅಂದ. ಅದು ನನ್ನ ಕಥೆಯಲ್ಲಿ ಇರಲೇ ಇಲ್ಲ. ಮರುದಿನ ರೇಟಿನದೊಂದು ಕವಲು ಸೇರಿಸಿದೆ.

ಕೋರ್ಸ್ ಹೇಳದೆ ಬಿಟ್ಟದ್ದೂ ಇದೆ. ಬಿಟ್ಟ ಸ್ಥಳದಲ್ಲಿ ಮಕ್ಕಳು 'ಬತ್ತ' ಅಂತ ಟೈಪ್ ಮಾಡಿದರೆ ಕಂಪ್ಯೂಟರ್ ತಪ್ಪು ಅನ್ನುತ್ತದೆ, ಉತ್ತರವನ್ನು ಭತ್ತ/ಬತ್ತ ಅಂತ ಓರೆಗೆರೆ ಹಾಕಿ ಕೊಟ್ಟರೆ ಎರಡನ್ನೂ ಒಪ್ಪುತ್ತದೆ. ಲೂಮಿ ಅನ್ನುವ ಉಚಿತ ತಂತ್ರಾಂಶದಲ್ಲಿ ಪಾಠವನ್ನು ಬ್ರೌಸರ್‌ನಲ್ಲಿ ತೆರೆಯುವ ಒಂದೇ ಎಚ್‌ಟಿಎಂಎಲ್ ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ನೆಟ್ ಇಲ್ಲದ ಲ್ಯಾಬಿನಲ್ಲೂ ಓಡುತ್ತದೆ. ಇದೇ ಅಲ್ವಾ ನಮ್ಮಂಥವರಿಗೆ ಮೊದಲ ದಿನ ಹೇಳಬೇಕಾದ್ದು? ಎರಡನ್ನೂ ನಾನೇ ಹುಡುಕಿಕೊಂಡೆ.

ಕೊನೆಯ ಅಸೈನ್‌ಮೆಂಟ್‌ಗೆ ಬಂದ ಉತ್ತರ: "ಚೆನ್ನಾಗಿದೆ, ಇನ್ನಷ್ಟು ಚಿತ್ರ ಸೇರಿಸಿ." ನನ್ನ ಜೊತೆ ಕಲಿತ ಗಂಗಾವತಿಯ ಮೇಡಂ ಅವರಿಗೂ ಅದೇ ಸಾಲು. ಅವರು ಕಳಿಸಿದ್ದು ಬರೀ ಆಡಿಯೋ ಪಾಠ.

5ಕ್ಕೆ 3 ಕೊಡುತ್ತೇನೆ. ಸೇರುವುದಾದರೆ ಸೀದಾ ಮೂರನೇ ವಾರಕ್ಕೆ ಹೋಗಿ. ಸರ್ಟಿಫಿಕೇಟ್ ಬೇಕಂದರೆ ಮಾತ್ರ ಎಲ್ಲ ವಿಡಿಯೋನೂ ಕೊನೆತನಕ ಓಡಿಸಬೇಕು, ನಾನು ಹಿಮಕರಡಿಗಳನ್ನು ರಾತ್ರಿ ಮ್ಯೂಟ್ ಮಾಡಿ ಬಿಟ್ಟು ಮಲಗಿದೆ.