ಕ್ಯಾರವಾನ್‌ನಲ್ಲಿ ಮೂಲಮನೆ ಹುಡುಕಲು ಹೊರಟವರು ಅಡ್ವಾನ್ಸ್ ಕೊಡುವ ಮುಂಚೆ ಓದಿ

ದಸರೆ ರಜೆಗೆ ಕ್ಯಾರವಾನ್, ಅಂದರೆ ಒಳಗೇ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಇರುವ ಗಾಡಿ, ಬಾಡಿಗೆ ಹಿಡಿದು ತೀರ್ಥಹಳ್ಳಿ, ಆಗುಂಬೆ, ಕುಂದಾಪುರ, ಗೋಕರ್ಣ ಸುತ್ತುತ್ತ, ದಾರಿಯಲ್ಲೇ ಮುತ್ತಜ್ಜನ ಮೂಲಮನೆ, ಹಳೇ ಪಹಣಿ, ವಂಶಾವಳಿ ಎಲ್ಲವನ್ನೂ ಹುಡುಕಿಕೊಂಡು ಬರುವ ಯೋಚನೆ ಇದ್ದರೆ ಸ್ವಲ್ಪ ನಿಲ್ಲಿ. ನಮ್ಮ ಕುಟುಂಬದ ಇಂಥದೇ ಪ್ರವಾಸ ಪೂರ್ತಿ ಕೆಟ್ಟಿತು. ಕಚೇರಿಗಳಿಗೆ ಬೀಗ, ಗಾಡಿ ಊರೊಳಗೆ ಹೋಗಲಿಲ್ಲ, ಬ್ಯಾಟರಿ ರಾತ್ರಿಯೇ ಕೈಕೊಟ್ಟಿತು, ಠೇವಣಿಯಲ್ಲೂ ಕಡಿತ. ಒಂದೊಂದಕ್ಕೂ ಸ್ಪಷ್ಟ ಕಾರಣ ಇದೆ, ಮೊದಲೇ ತಿಳಿದಿದ್ದರೆ ಎಲ್ಲವನ್ನೂ ತಪ್ಪಿಸಬಹುದು.

ಮೊದಲು ಕ್ಯಾಲೆಂಡರ್ ನೋಡಿ. ಮಹಾಲಯ ಅಮಾವಾಸ್ಯೆ, ಗಾಂಧಿ ಜಯಂತಿ, ಆಯುಧಪೂಜೆ, ವಿಜಯದಶಮಿ, ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಕಳೆದರೆ ಆ ದಿನಗಳಲ್ಲಿ ತಾಲ್ಲೂಕು ಕಚೇರಿ ತೆರೆದಿರುವುದೇ ಅಪರೂಪ. ತೆರೆದಿದ್ದರೂ ರೆಕಾರ್ಡ್ ರೂಮಿನ ಗುಮಾಸ್ತರು ರಜೆಯ ಮೇಲಿರುತ್ತಾರೆ. ದೃಢೀಕೃತ ನಕಲು ಅರ್ಜಿ ಕೊಟ್ಟ ದಿನವೇ ಕೈಗೆ ಬರುವಂಥದ್ದಲ್ಲ, ಕಡತ ಹುಡುಕಬೇಕು, ಶುಲ್ಕ ಕಟ್ಟಬೇಕು, ಸಹಿ ಆಗಬೇಕು. ಅತ್ತ ಕ್ಯಾರವಾನ್ ಬಾಡಿಗೆ ನಿಂತಲ್ಲೇ ನಿಂತರೂ ದಿನದ ಲೆಕ್ಕದಲ್ಲಿ ಓಡುತ್ತಿರುತ್ತದೆ. ಹಾಗಾಗಿ ನಮ್ಮ ಖಚಿತ ಅಭಿಪ್ರಾಯ: ಕಾಗದದ ಕೆಲಸಕ್ಕೆ ಮನೆಯಲ್ಲಿ ಒಬ್ಬರು ಮೊದಲೇ ಬಸ್ಸಿನಲ್ಲಿ ಹೋಗಿ ಅರ್ಜಿ ಹಾಕಿ ಬರಲಿ. ನಕಲು ಕೈಗೆ ಬಂದ ಮೇಲೆ ಊರು, ಮನೆ, ದೇವಸ್ಥಾನ ತೋರಿಸಲು ಎಲ್ಲರನ್ನೂ ಗಾಡಿಯಲ್ಲಿ ಕರೆದೊಯ್ಯಿರಿ.

ಕಂದಾಯ ದಾಖಲೆ ಸಿಗುವುದು ಗ್ರಾಮ ಮತ್ತು ಸರ್ವೆ ನಂಬರಿನ ಮೇಲೆ. ‘ನಮ್ಮ ಮುತ್ತಜ್ಜನ ಹೆಸರು ಹೀಗೆ, ಹುಡುಕಿಕೊಡಿ’ ಎಂದು ಕೇಳಿದರೆ ಯಾರಿಂದಲೂ ಆಗದು. ಹಳೇ ಕಂದಾಯ ರಸೀದಿ, ಪಾಲುಪಟ್ಟಿ, ಸೊಸೈಟಿ ಸಾಲದ ಕಾಗದ, ಯಾವುದಾದರೊಂದರಿಂದ ಸರ್ವೆ ನಂಬರ್ ಪತ್ತೆ ಮಾಡಿಕೊಂಡೇ ಹೋಗಿ. ಹಳೇ ಕೈಬರಹದ ಪಹಣಿಗಿಂತ ಮ್ಯುಟೇಷನ್ ರಿಜಿಸ್ಟರ್ ಹೆಚ್ಚು ಮಾತಾಡುತ್ತದೆ. ಯಾರು ತೀರಿಕೊಂಡ ಮೇಲೆ ಯಾರ ಹೆಸರಿಗೆ ಖಾತೆ ಬಂತು, ಅವರಿಗೆ ಏನು ಸಂಬಂಧ ಎಂಬುದು ಅಲ್ಲಿರುತ್ತದೆ. ಕುಟುಂಬ ಗೇಣಿ ಮಾಡುತ್ತಿದ್ದರೆ ಅಥವಾ ಗೇಣಿಗೆ ಕೊಟ್ಟಿದ್ದರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರದ ಡಿಕ್ಲರೇಷನ್ ಕಡತ, ಅಂದರೆ ಗೇಣಿದಾರರು ಭೂಮಿಯ ಹಕ್ಕು ಕೇಳಿ ಸಲ್ಲಿಸಿದ ಫಾರಂ 7, ಕೇಳಿ. ಗೇಣಿದಾರ, ಒಡೆಯ, ಸರ್ವೆ ನಂಬರ್ ಮೂರೂ ಒಂದೇ ಕಡೆ ಸಿಗುತ್ತವೆ.

ಇನ್ನೂ ಹಿಂದಕ್ಕೆ ಹೋಗುವವರು ಊರು ಆಗ ಯಾರ ಆಡಳಿತದಲ್ಲಿತ್ತು ಎಂದು ನೋಡಿಕೊಳ್ಳಬೇಕು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬೊಂಬಾಯಿಗೆ ಹೋಯಿತು. ಆದ್ದರಿಂದ ಅದಕ್ಕೂ ಹಿಂದಿನ ಸರ್ಕಾರಿ ಪತ್ರವ್ಯವಹಾರಕ್ಕೆ ಚೆನ್ನೈ, ನಂತರದ್ದಕ್ಕೆ ಮುಂಬೈ ಪತ್ರಾಗಾರ ನೋಡಬೇಕಾಗುತ್ತದೆ. ಗೋಕರ್ಣದಲ್ಲಿ ಗಾಡಿ ನಿಲ್ಲಿಸಿದರೆ ಅದು ಸಿಗದು. ಧಾರವಾಡ, ಬೆಳಗಾವಿ ಕಡೆಯ ಹಳೇ ಕಾಗದಗಳಲ್ಲಿ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ, ಕಲಬುರಗಿ, ಬೀದರ್ ಕಡೆ ಉರ್ದು. ಓದುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಕ್ಷೇತ್ರ ಪುರೋಹಿತರ ವಹಿ, ಅಂದರೆ ಬಂದ ಯಾತ್ರಿಕರ ಮನೆತನದ ಹೆಸರು ಬರೆದಿಡುವ ಪುಸ್ತಕ, ನೋಡುವ ಆಸೆ ಇರುವವರು ಪಿತೃಪಕ್ಷದಲ್ಲಿ ಹೋಗಬೇಡಿ, ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಈಗಿರುವ ಊರಲ್ಲ, ಮೂಲ ಊರು, ಮನೆತನದ ಹೆಸರು, ಗೋತ್ರ ಹೇಳಿ ವಿಚಾರಿಸಿ. ಉತ್ತರ ಕರ್ನಾಟಕದವರಿಗೆ ಊರೂರು ಸುತ್ತಿ ಮನೆತನಗಳ ವಂಶ ಹೇಳುವ ಹೆಳವರೇ ನಡೆದಾಡುವ ವಂಶಾವಳಿ. ಸುಗ್ಗಿ ಮುಗಿದ ಮೇಲೆ ಅವರೇ ಮನೆಬಾಗಿಲಿಗೆ ಬರುತ್ತಾರೆ. ಊರ ಹಿರಿಯರನ್ನು ಕೇಳಿ ನಿಮ್ಮ ಮನೆತನದ ಹೆಳವರು ಯಾರು ಎಂದು ತಿಳಿದುಕೊಳ್ಳಿ. ಕಾಳುಕಡಿ, ಕಾಣಿಕೆ ಕೊಡುವುದು ವಾಡಿಕೆ, ಅದರಲ್ಲಿ ಚೌಕಾಸಿ ಬೇಡ.

ಇನ್ನು ಗಾಡಿಯ ವಿಷಯ. ನಂಬರ್ ಪ್ಲೇಟ್ ನೋಡದೆ ದುಡ್ಡು ಕೊಡಬೇಡಿ. ಡ್ರೈವರ್ ಸಮೇತ ಬಾಡಿಗೆ ಆದರೆ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ, ನೀವೇ ಓಡಿಸುವುದಾದರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನ ಗಾಡಿ ಬಾಡಿಗೆಗೆ ಕೊಡುವುದು ಅಕ್ರಮ, ಅಪಘಾತವಾದರೆ ವಿಮೆ ಕೈಕೊಡುತ್ತದೆ. ಗೋವಾ ಅಥವಾ ಮಹಾರಾಷ್ಟ್ರ ದಾಟುವುದಾದರೆ ಅಲ್ಲಿನ ತೆರಿಗೆ ಯಾರು ಕಟ್ಟುತ್ತಾರೆಂದು ಬರಹದಲ್ಲಿ ಇರಲಿ.

‘ರಾತ್ರಿಯಿಡೀ ಎ.ಸಿ. ಓಡುತ್ತೆ ಸಾರ್’ ಎಂಬ ಮಾತನ್ನು ನಂಬಲೇಬೇಡಿ. 12 ವೋಲ್ಟಿನ 150 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿಯಲ್ಲಿರುವುದು 1800 ವ್ಯಾಟ್-ಅವರ್. ಲೆಡ್ ಆಸಿಡ್ ಆದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 900. ಒಂದು ಟನ್ ಎ.ಸಿ. ಕಂಪ್ರೆಸರ್ ಓಡುವಾಗ ಸುಮಾರು 1000 ವ್ಯಾಟ್ ಎಳೆಯುತ್ತದೆ, ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ. ಒಂದು ಗಂಟೆಯೂ ದಾಟದು. ಪುಟ್ಟ ಫ್ರಿಜ್ ಒಂದೇ ದಿನಕ್ಕೆ 50 ಎ.ಎಚ್. ಹತ್ತಿರ ಬಳಸುತ್ತದೆ. ಮಲೆನಾಡಿನ ಮರದ ನೆರಳಲ್ಲಿ ನಿಂತರೆ ಸೋಲಾರ್ ಇದ್ದೂ ಇಲ್ಲದಂತೆ. ಅದಕ್ಕೇ ತಂಗುವ ಹೋಂಸ್ಟೇಯಲ್ಲಿ ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟ್ ಇದೆಯೇ ಎಂದು ಫೋನ್ ಮಾಡಿ ಕೇಳಿ. 6 ಆಂಪಿಯರ್ ಪಾಯಿಂಟಿಗೆ ತೆಳ್ಳನೆಯ ಎಕ್ಸ್‌ಟೆನ್ಷನ್ ವೈರ್ ಹಾಕಿ ಎ.ಸಿ. ಓಡಿಸಿದರೆ ಪ್ಲಗ್ಗೇ ಕರಗುತ್ತದೆ.

ನೂರು ಲೀಟರ್ ನೀರು ಐದು ಜನಕ್ಕೆ ಒಂದು ದಿನ. ಶೌಚದ ಕ್ಯಾಸೆಟ್, ಅಂದರೆ ಹೊರಗೆ ತೆಗೆದು ಖಾಲಿ ಮಾಡುವ ಮಲದ ಡಬ್ಬಿ, 20 ಲೀಟರಿನ ಆಸುಪಾಸು ಇರುತ್ತದೆ, ಅದೂ ಬೇಗ ತುಂಬುತ್ತದೆ. ಮನೆಯವರ ಒಪ್ಪಿಗೆ ಪಡೆದು ಗುಂಡಿ ಇರುವ ಶೌಚಾಲಯಕ್ಕೇ ಸುರಿಯಿರಿ. ತುಂಗೆಗೆ, ರಸ್ತೆಬದಿಯ ಚರಂಡಿಗೆ ಸುರಿಯುವುದು ಮಹಾ ಪಾಪದ ಕೆಲಸ.

ಆಗುಂಬೆಯ 14 ತಿರುವುಗಳಲ್ಲಿ ಭಾರೀ ವಾಹನಕ್ಕೆ ನಿಷೇಧವಿದೆ, ಮಳೆಗಾಲದಲ್ಲಿ ಜಿಲ್ಲಾಡಳಿತದ ಆದೇಶ ಬದಲಾಗುತ್ತಲೂ ಇರುತ್ತದೆ. ಆರ್‌ಸಿಯಲ್ಲಿರುವ ಒಟ್ಟು ತೂಕ ನೋಡಿ, ಹೊರಡುವ ದಿನವೇ ಪೊಲೀಸರನ್ನು ವಿಚಾರಿಸಿ. ಘಾಟಿ ಇಳಿಯುವ ಮುಂಚೆ ನೀರಿನ ಟ್ಯಾಂಕ್ ಖಾಲಿ ಮಾಡಿದರೆ ನೂರು ಕಿಲೋ ಇಳಿಯುತ್ತದೆ. ಅರ್ಧ ತುಂಬಿದ ಟ್ಯಾಂಕಿನ ನೀರು ತಿರುವಿನಲ್ಲಿ ಗಾಡಿಯನ್ನೇ ತೂಗಿಸುತ್ತದೆ. ಕೆಳಗಿನ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಒತ್ತಿಕೊಂಡೇ ಬಂದರೆ ಕಾದು ಹಿಡಿಯುವುದು ಬಿಡುತ್ತದೆ. ಮೂಲಮನೆ ಇರುವ ಕೇರಿಗೆ ಕ್ಯಾರವಾನ್ ಒಯ್ಯಬೇಡಿ, ತಗ್ಗಿನಲ್ಲಿ ಜೋತ ಕರೆಂಟ್ ತಂತಿ, ಹಲಸಿನ ಕೊಂಬೆ, ದೇವಸ್ಥಾನದ ಕಮಾನು ಗಾಡಿಯ ಮಾಡಿಗೆ ತಾಗುತ್ತವೆ. ಪೇಟೆಯಲ್ಲಿ ನಿಲ್ಲಿಸಿ ಆಟೋ ಹಿಡಿಯಿರಿ. ಗಾಡಿ ಪಡೆಯುವಾಗ ಏಣಿ ಹತ್ತಿ ಮಾಡಿನ ವಿಡಿಯೋ ತೆಗೆಯಿರಿ. ನಮ್ಮ ಠೇವಣಿ ಕಡಿತವಾದದ್ದು ಮಾಡಿನ ಮೇಲಿನ ಗೀರುಗಳಿಗೇ, ಅವು ಮೊದಲೇ ಇದ್ದವು ಎನ್ನಲು ಫೋಟೋ ಇರಲಿಲ್ಲ.

ಹಳೇ ಮನೆಯ ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕರೆ ಅದಕ್ಕೂ ಕಡತ ಎಂದೇ ಹೆಸರು, ಕಚೇರಿಯ ಫೈಲ್ ಅಲ್ಲ. ಬಟ್ಟೆಗೆ ಹುಣಸೆಬೀಜದ ಗಂಜಿ, ಇದ್ದಿಲ ಪುಡಿ ಬಳಿದು, ಬಳಪದಿಂದ ಬರೆದದ್ದು. ಧೂಳು ಒರೆಸಲು ಒದ್ದೆ ಬಟ್ಟೆ ತಾಗಿಸಿದರೆ ಲೆಕ್ಕ, ಹೆಸರು ಎಲ್ಲ ಅಲ್ಲೇ ಅಳಿಸಿಹೋಗುತ್ತವೆ. ಒಣಗಿದ ಮೃದು ಬ್ರಶ್ ಕೂಡ ಅಕ್ಷರದ ಮೇಲೆ ಆಡಿಸಬೇಡಿ. ಕಿಟಕಿಯ ಹತ್ತಿರ ಹರಡಿ, ಓರೆ ಬೆಳಕಿನಲ್ಲಿ ಫ್ಲಾಶ್ ಇಲ್ಲದೆ, ಒಂದೊಂದು ಮಡಿಕೆಗೂ ಪಕ್ಕದಲ್ಲಿ ಸಂಖ್ಯೆಯ ಚೀಟಿ ಇಟ್ಟು ಫೋಟೋ ತೆಗೆಯಿರಿ. ಜೆರಾಕ್ಸ್‌ಗೆಂದು ಗಾಡಿಗೆ ತರಬೇಡಿ, ಕ್ಯಾರವಾನಿನ ಸಿಂಕ್ ಪೈಪು ಸೋರುವ ಕಡೆಯೇ ಸಾಮಾನಿಡುವ ಕಪಾಟೂ ಇರುತ್ತದೆ.