ವಿಜಯಪುರದ ಧೂಳಿನಲ್ಲಿ ಅಜ್ಜ-ಮೊಮ್ಮಗನ ಎಚ್‌ಒ ರೈಲು ಸೆಟ್

ಗದಗ-ಸೋಲಾಪುರ ಮಾರ್ಗದ ಮೀಟರ್ ಗೇಜ್ ಗಾಡಿ ಕಂಡ ಅಜ್ಜಂದಿರು ಮೊಮ್ಮಕ್ಕಳ ಜೊತೆ ಕೂತು ಓಡಿಸಲು ಈ ಎಚ್‌ಒ ಅಳತೆಯ ಮಾದರಿ ರೈಲಿನ ಸ್ಟಾರ್ಟರ್ ಸೆಟ್ ಒಳ್ಳೆಯದು. ಅಳತೆ 1:87, ಅಂದರೆ ನಿಜ ಗಾಡಿಯ 87ರಲ್ಲಿ ಒಂದು ಪಾಲು; ಹಳಿಗಳ ನಡುವೆ 16.5 ಮಿ.ಮೀ. ಇದಕ್ಕಿಂತ ಚಿಕ್ಕದಾದ 1:160ರ ಎನ್ ಸ್ಕೇಲಿನ ಗಾಲಿಗಳನ್ನು ಹಳಿಗೆ ಕೂರಿಸುವುದು ವಯಸ್ಸಾದ ಕೈಗೂ ಕಷ್ಟ, ಎಳೆಯ ಕೈಗೂ ಕಷ್ಟ.

ತಿರುವಿನ ತ್ರಿಜ್ಯ 18 ಇಂಚು. 4 ಅಡಿ ಅಗಲದ ಪ್ಲೈವುಡ್ ಹಾಕಿ. ಜಮಖಾನೆ ಮೇಲೆ ಬೇಡವೇ ಬೇಡ, ನೂಲಿನ ಎಳೆ ಎಂಜಿನ್ನಿನ ಗೇರಿಗೆ ಸುತ್ತಿಕೊಳ್ಳುತ್ತದೆ.

ನಮ್ಮ ಕಡೆ ದೊಡ್ಡ ಶತ್ರು ಧೂಳು. ಎಂಜಿನ್ನಿಗೆ ಕರೆಂಟು ಬರುವುದೇ ಹಳಿಯಿಂದ ಗಾಲಿಗೆ, ಗರಿಷ್ಠ 12 ವೋಲ್ಟ್ ಡಿಸಿ. ನಡುವೆ ಮಸಿ ಕೂತರೆ ಗಾಡಿ ತಡವರಿಸುತ್ತದೆ, ಲೈಟು ಮಿಣುಕುತ್ತದೆ. ಸ್ವಿಚ್ ಆಫ್ ಮಾಡಿ, ಹತ್ತಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಉಸುಕಿನ ಕಾಗದದಿಂದ ಮಾತ್ರ ಉಜ್ಜಬೇಡಿ: ಗೀರು ಬಿದ್ದಲ್ಲೇ ಮತ್ತೆ ಮಸಿ ಕೂರುತ್ತದೆ. ಒರೆಸಿದ ಮೇಲೂ ಅದೇ ಜಾಗದಲ್ಲಿ ನಿಂತರೆ ಹೆಚ್ಚಾಗಿ ಹಳಿಯ ಜಾಯಿನರ್, ಅಂದರೆ ಎರಡು ಹಳಿ ತುಂಡು ಕೂಡಿಸುವ ಲೋಹದ ಪಟ್ಟಿ, ಸಡಿಲಾಗಿರುತ್ತದೆ. ತೆಗೆದು, ಸಣ್ಣ ಇಕ್ಕಳದಿಂದ ಮೆಲ್ಲಗೆ ಒತ್ತಿ ಹಾಕಿ.

ಸೆಟ್ಟಿನ ಗಿಡ್ಡ ಡಬ್ಬಿಗಳು ಸಲೀಸಾಗಿ ತಿರುಗುತ್ತವೆ. ಮುಂದೆ ನಮ್ಮ ಐಸಿಎಫ್ (ಚೆನ್ನೈನ ರೈಲು ಬೋಗಿ ಕಾರ್ಖಾನೆ) ಬೋಗಿಯ ಮಾದರಿ ಕೊಂಡರೆ ಅದು ಸುಮಾರು 245 ಮಿ.ಮೀ. ಉದ್ದ, ಈ ತಿರುವಿನಲ್ಲಿ ಹಳಿ ತಪ್ಪಬಹುದು. ಆಗ 22 ಇಂಚಿನ ತಿರುವು ತನ್ನಿ. 4 ಅಡಿ ಹಲಗೆಯಲ್ಲೇ ಅದೂ ಹಿಡಿಯುತ್ತದೆ.